ಕಾರ್ಟೂನ್ ಹೀರೊ ಬೆವರಲ್ಲ!

ಕಳೆದ ಯುಗಾದಿಗೆ ಹಾಸ್ಟೆಲ್‌ನಿಂದ ಊರಿಗೆ ಬಂದಿದ್ದ ತಂಗಿ ನನ್ನ ಜೊತೆ ಎರಡು ದಿನ ಮಾತು ಬಿಟ್ಟಿದ್ದಳು. ಜಗಳ ಆಗಿದ್ದು ಮೊಬೈಲ್ ಚಾರ್ಜರ್‌ಗಲ್ಲ, ಒಬ್ಬಟ್ಟಿನ ಪಾಲಿಗೂ ಅಲ್ಲ. ಚೀನಾದ ಒಬ್ಬ ಹುಡುಗನ ವಿಷಯಕ್ಕೆ! ಅವನ ಹೆಸರು ಯೆ ಶಿಯು. ಮಂಡ್ಯದಿಂದ ಸುಮಾರು 25 ಕಿ.ಮೀ. ದೂರದ ನಮ್ಮ ಬಸರಾಳಿನ ಜಗಲಿ ಮೇಲೆ ತನ್ನ ಬಗ್ಗೆ ಇಷ್ಟೊಂದು ವಾದ ನಡೆಯುತ್ತದೆಂದು ಆ ಹುಡುಗನಿಗೆ ಗೊತ್ತಾಗುವ ಸಾಧ್ಯತೆಯೇ ಇಲ್ಲ. ಏಕೆಂದರೆ ಅವನೊಂದು ಪಾತ್ರ ಅಷ್ಟೇ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. 'ದಿ ಕಿಂಗ್ಸ್ ಅವತಾರ್' ಎಂಬುದು 2011ರಲ್ಲಿ ಚೀನಾದ ಇಂಟರ್ನೆಟ್‌ನಲ್ಲಿ ಧಾರಾವಾಹಿಯಾಗಿ ಶುರುವಾದ ಕಾದಂಬರಿ. 2017ರ ಏಪ್ರಿಲ್‌ನಲ್ಲಿ ಇದು 12 ಕಂತುಗಳ ಅನಿಮೇಷನ್ ಸರಣಿಯಾಯಿತು. 2019ರ ಜುಲೈನಲ್ಲಿ ನಿಜವಾದ ನಟ ನಟಿಯರನ್ನು ಹಾಕಿಕೊಂಡು 40 ಕಂತುಗಳ ಡ್ರಾಮಾ ಬಂತು. ನಾಯಕನ ಪಾತ್ರ ಮಾಡಿದವರು ಯಾಂಗ್ ಯಾಂಗ್ ಎಂಬ ನಟ. ನಮ್ಮಲ್ಲಿ ಕೊರಿಯನ್ ಸೀರಿಯಲ್‌ಗಳನ್ನು ಕೆ-ಡ್ರಾಮಾ ಎನ್ನುವಂತೆ ಇವು ಸಿ-ಡ್ರಾಮಾ. ಹಾಸ್ಟೆಲ್‌ಗಳಲ್ಲಿ ಇವುಗಳಿಗೂ ಈಗ ಅಭಿಮಾನಿಗಳ ದಂಡೇ ಇದೆ.

ಕಥೆ ಸರಳ. ಯೆ ಶಿಯು 'ಗ್ಲೋರಿ' ಎಂಬ ಆನ್‌ಲೈನ್ ಗೇಮ್‌ನ ದೊಡ್ಡ ಆಟಗಾರ, ತಂಡದ ನಾಯಕ. ಜಾಹೀರಾತಿಗೆ ಮುಖ ತೋರಿಸುವುದಿಲ್ಲ, ವಯಸ್ಸೂ ಆಯಿತು ಎಂದು ತಂಡದ ಮಾಲೀಕರು ಅವನನ್ನು ಹೊರಹಾಕುತ್ತಾರೆ. ವಯಸ್ಸು ಎಂದರೆ ಎಷ್ಟು? ಕಾದಂಬರಿಯಲ್ಲಿ ಅವನಿಗೆ 25! ಇಷ್ಟು ವರ್ಷ ಆಡಿದ ಅಕೌಂಟ್ ಕಾರ್ಡನ್ನು ಹೊಸ ಹುಡುಗನ ಕೈಗೆ ಕೊಟ್ಟು ಹೊರನಡೆಯುತ್ತಾನೆ. ಹತ್ತಿರದಲ್ಲೇ ಇರುವ ಒಂದು ಇಂಟರ್ನೆಟ್ ಸೆಂಟರ್‌ಗೆ ಹೋಗಿ ರಾತ್ರಿ ಪಾಳಿಯ ಕೆಲಸಕ್ಕೆ ಸೇರುತ್ತಾನೆ. ಅದೇ ಗೇಮ್‌ನ ಹತ್ತನೇ ಸರ್ವರ್ ಆಗ ತಾನೇ ಶುರುವಾಗಿರುತ್ತದೆ. ಹೊಸ ಹೆಸರಿನಲ್ಲಿ, ಸೊನ್ನೆಯಿಂದ ಮತ್ತೆ ಆಟ ಶುರು ಮಾಡುತ್ತಾನೆ. ಕೈಯಲ್ಲಿರುವುದು ಒಂದು ವಿಚಿತ್ರ ಕೊಡೆ. ತೀರಿಹೋದ ಗೆಳೆಯ ಮಾಡಿಟ್ಟಿದ್ದು. ಬೇಕೆಂದಾಗ ಭರ್ಜಿ, ಬೇಕೆಂದಾಗ ಬಂದೂಕು, ಬೇಕೆಂದಾಗ ಗುರಾಣಿ.

ಈ ಕಥೆ ನನಗೆ ತಾಗಿದ್ದಕ್ಕೆ ಬೇರೆ ಕಾರಣವಿದೆ. ಬಿ.ಕಾಂ. ಮುಗಿಸಿ ಬೆಂಗಳೂರಿನ ಒಂದು ಕಂಪನಿಯಲ್ಲಿ ಎರಡು ವರ್ಷ ರಾತ್ರಿ ಪಾಳಿ ಮಾಡಿದೆ. ಒಂದು ಸಂಜೆ 'ನಾಳೆಯಿಂದ ಬರುವುದು ಬೇಡ' ಎಂಬ ಮೇಲ್ ಬಂತು. ಕೊರಳಿನ ಐ.ಡಿ. ಕಾರ್ಡ್ ತೆಗೆದು ಮೇಜಿನ ಮೇಲಿಟ್ಟು ಹೊರಬಂದೆ. ಊರಿಗೆ ಬಂದು ನಾಲ್ಕು ತಿಂಗಳು ಪರೀಕ್ಷೆಗೆ ಓದಿದೆ, ಬರೆದೆ, ಎರಡೂವರೆ ಅಂಕದಲ್ಲಿ ಕಟಾಫ್ ತಪ್ಪಿತು. ಆಮೇಲೆ ಊರಿನ ಒಂದು ಸೈಬರ್ ಸೆಂಟರ್‌ನಲ್ಲಿ ಕೂತೆ. ಪಹಣಿ ತೆಗೆದುಕೊಡುವುದು, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು, ಸ್ಕಾಲರ್‌ಶಿಪ್ ಫಾರಂ ತುಂಬುವುದು, ಜೆರಾಕ್ಸ್, ಲ್ಯಾಮಿನೇಷನ್. ಯೆ ಶಿಯುಗೆ ಹತ್ತನೇ ಸರ್ವರ್ ಸಿಕ್ಕಿತು, ನನಗೆ ದಿನವೂ ಸಿಗುವುದು 'ಸರ್ವರ್ ಡೌನ್'!

ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲು ಬಂದವನು ನಾನು. ಆಗ ಬಸ್ ಸ್ಟ್ಯಾಂಡ್‌ನಲ್ಲಿ ಫ್ಲೆಕ್ಸ್ ಕಟ್ಟಿದ್ದರು. ಈಗ ಅದೇ ಬಸ್ ಸ್ಟ್ಯಾಂಡ್‌ನಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ: "ಯಾಕ್ಲಾ, ಬೆಂಗ್ಳೂರು ಬುಟ್ಬುಟ್ಯಾ?" ನಾನೂ "ಹೂಂ, ಬುಟ್ಬುಟ್ಟೆ" ಎನ್ನುತ್ತಿದ್ದೆ. ಬಿಡಿಸಿದರು ಎಂದು ಯಾರಿಗೂ ಹೇಳಿರಲಿಲ್ಲ. ಮನೆಯಲ್ಲೂ ಹೇಳಿರಲಿಲ್ಲ.

ಈಗ ಜಗಳಕ್ಕೆ ಬರೋಣ. ಅನಿಮೇಷನ್ ಸರಣಿಯನ್ನು ನನಗೆ ಮೊದಲು ತೋರಿಸಿದವಳು ತಂಗಿಯೇ. ಪಿಯುಸಿಯಲ್ಲಿದ್ದಾಗಲೇ ಇಂಗ್ಲಿಷ್ ಸಬ್‌ಟೈಟಲ್ ಓದುತ್ತಾ ಓದುತ್ತಾ ನೋಡಿ ಮುಗಿಸಿದ್ದಳು. ಅವಳ ಇಂಗ್ಲಿಷ್ ಸುಧಾರಿಸಿದ್ದು ಟ್ಯೂಷನ್‌ಗಿಂತ ಇದರಿಂದಲೇ ಎಂದು ಈಗಲೂ ವಾದಿಸುತ್ತಾಳೆ. ನಾನು ಡ್ರಾಮಾ ನೋಡಿದ್ದು ಊರಿಗೆ ವಾಪಸ್ ಬಂದ ಮೇಲೆ. ಹಬ್ಬದ ದಿನ ಊಟ ಮಾಡುತ್ತಾ, "ಕಾರ್ಟೂನ್‌ಗಿಂತ ಡ್ರಾಮಾನೇ ಚೆನ್ನಾಗಿದೆ" ಎಂದುಬಿಟ್ಟೆ. ಅಷ್ಟೇ!

"ಅಣ್ಣಾ, ರಾತ್ರಿಪೂರ್ತಿ ಡ್ಯೂಟಿ ಮಾಡಿದವನ ಮುಖ ಹಂಗಿರುತ್ತಾ? ನೀನೂ ನೈಟ್ ಶಿಫ್ಟ್ ಮಾಡ್ದೋನೇ ಅಲ್ವಾ, ನೀನೇ ಹೇಳು" ಎಂದಳು. ಅವಳ ಮಾತಿನಲ್ಲಿ ನ್ಯಾಯವಿತ್ತು. ಅನಿಮೇಷನ್‌ನ ಯೆ ಶಿಯು ಅರ್ಧ ಮುಚ್ಚಿದ ಕಣ್ಣಿನ, ತಲೆ ಬಾಚಿಕೊಳ್ಳದ, ಯಾವುದಕ್ಕೂ ಕ್ಯಾರೇ ಎನ್ನದ ಸೋಮಾರಿ. ಯಾಂಗ್ ಯಾಂಗ್ ನೋಡಿದರೆ ಸೋಪಿನ ಜಾಹೀರಾತಿನಿಂದ ಎದ್ದು ಬಂದಂತೆ ಕಾಣುತ್ತಾರೆ. ನಾನಂತೂ ನೈಟ್ ಶಿಫ್ಟ್ ಮುಗಿಸಿ ರೂಮಿಗೆ ಬಂದರೆ ಓನರ್ ಆಂಟಿ "ಹುಷಾರಿಲ್ವೇನಪ್ಪ?" ಎಂದು ಕೇಳುತ್ತಿದ್ದರು.

ಅವಳ ಇನ್ನೊಂದು ದೂರು ಗೇಮ್‌ನ ಹೊಡೆದಾಟದ ಬಗ್ಗೆ. ಅನಿಮೇಷನ್‌ನಲ್ಲಿ ಮನುಷ್ಯರೂ ಚಿತ್ರ, ಗೇಮ್ ಒಳಗಿನ ವೀರರೂ ಚಿತ್ರ. ಎರಡೂ ಒಂದೇ ಲೋಕದಂತೆ ಕಾಣುತ್ತವೆ. ಡ್ರಾಮಾದಲ್ಲಿ ಹಾಗಲ್ಲ. ಹೊರಗೆ ಕುರ್ಚಿಯ ಮೇಲೆ ನಿಜವಾದ ಮನುಷ್ಯ ಕೂತಿರುತ್ತಾನೆ, ಕೀಬೋರ್ಡ್ ಒತ್ತಿದ ಕೂಡಲೇ ಅವನದೇ ಮುಖದ ಕಂಪ್ಯೂಟರ್ ಗೊಂಬೆ ಹಾರಾಡುತ್ತದೆ. "ಪ್ರತಿ ಸಲ ಆಚೆ ಈಚೆ ಎಳೆದ ಹಂಗಾಗುತ್ತೆ" ಎಂಬುದು ಅವಳ ತಕರಾರು.

ನನ್ನ ಗೆಳೆಯನೊಬ್ಬನಿದ್ದಾನೆ, ಕೋಳಿ ಫಾರಂ ನೋಡಿಕೊಳ್ಳುತ್ತಾನೆ. ಮೊಬೈಲ್ ಗೇಮ್‌ನಲ್ಲಿ ಹುಲಿ. ಅವನು ಮೊದಲು ನೋಡಿದ್ದು ಡ್ರಾಮಾ. ಅವನ ಅಭಿಪ್ರಾಯ ಪೂರ್ತಿ ಉಲ್ಟಾ. "ಮಗಾ, ಕಾರ್ಟೂನಲ್ಲಿ ಗೆದ್ರೆ ಏನ್ ಮಜಾ? ಅದು ಬರ್ದಿರೋದು. ಡ್ರಾಮಾದಲ್ಲಿ ಒಂದು ಲವ್ ಸ್ಟೋರಿನೂ ತುರುಕಿಲ್ಲ, ಬರೀ ಆಟ, ಬರೀ ಟೀಮು. ನಮ್ಮೋರಾಗಿದ್ರೆ ಎಲ್ಡು ಡ್ಯೂಯೆಟ್ ಹಾಕೋರು" ಎನ್ನುತ್ತಾನೆ. ಈ ಮಾತಿಗೆ ತಂಗಿಯೂ ಒಪ್ಪಿದಳು. ಅನಿಮೇಷನ್ ಇಷ್ಟಪಟ್ಟವರಿಗೆ ಇದ್ದ ದೊಡ್ಡ ಭಯವೇ ಅದು. ಡ್ರಾಮಾ ಮಾಡುವಾಗ ಪ್ರೇಮಕಥೆ ಸೇರಿಸಿ ಕೆಡಿಸಿಬಿಡುತ್ತಾರೇನೋ ಎಂದು. ಕೆಡಿಸಲಿಲ್ಲ.

ಈ ಇಬ್ಬರ ವಾದ ಕೇಳುತ್ತಾ ನನಗೊಂದು ವಿಷಯ ಹೊಳೆಯಿತು. ಯಾರು ಯಾವುದನ್ನು ಮೊದಲು ನೋಡಿದ್ದಾರೋ ಅವರಿಗೆ ಅದೇ ಅಸಲಿ, ಇನ್ನೊಂದು ನಕಲಿ! ನಿಜ ಹೇಳಬೇಕೆಂದರೆ ಎರಡೂ ಅಸಲಿಯಲ್ಲ. ಅಸಲಿ ಆ ಕಾದಂಬರಿ. ಅದನ್ನು ನಾವು ಮೂವರೂ ಓದಿಲ್ಲ.

ಬೇರೆ ಸಿ-ಡ್ರಾಮಾಗಳಲ್ಲೂ ಇದೇ ಕಥೆ. 'ಮೋ ದಾವೋ ಜು ಶಿ' ಅನಿಮೇಷನ್ 2018ರಲ್ಲಿ ಬಂತು. ಅದೇ ಕಾದಂಬರಿಯಿಂದ 2019ರಲ್ಲಿ 'ದಿ ಅನ್‌ಟೇಮ್ಡ್' ಎಂಬ 50 ಕಂತುಗಳ ಡ್ರಾಮಾ ಬಂತು. ಕಾದಂಬರಿಯಲ್ಲಿ ಇಬ್ಬರು ಯುವಕರ ನಡುವಿನ ಪ್ರೀತಿ ಇದೆ. ಚೀನಾದ ಸೆನ್ಸಾರ್ ಕಾರಣಕ್ಕೆ ಡ್ರಾಮಾದಲ್ಲಿ ಅದು ಗಾಢ ಸ್ನೇಹವಾಯಿತು. ಆದರೂ ಜಗತ್ತಿನಾದ್ಯಂತ ಜನ ಅದನ್ನು ಮೆಚ್ಚಿದರು. 'ಸೋಲ್ ಲ್ಯಾಂಡ್' ಅನಿಮೇಷನ್ 2018ರಲ್ಲಿ ಶುರುವಾಯಿತು, 2021ರಲ್ಲಿ ನಟರ ಡ್ರಾಮಾ ಬಂತು. ಚೀನಾದವರೆಗೆ ಯಾಕೆ, ನಮ್ಮದೇ 'ಛೋಟಾ ಭೀಮ್' ನೋಡಿ. 2008ರಿಂದ ಟಿ.ವಿ.ಯಲ್ಲಿ ಲಡ್ಡು ತಿನ್ನುತ್ತಿದ್ದ ಕಾರ್ಟೂನ್ ಹುಡುಗ, 2024ರ ಮೇ 31ರಂದು ನಿಜವಾದ ಮಕ್ಕಳು ನಟಿಸಿದ ಸಿನಿಮಾ ಆಗಿ ಬಂದ. ಟ್ರೇಲರ್ ನೋಡಿದ ಕೂಡಲೇ ನನ್ನ ಬಾಯಿಂದ ಬಂದ ಮೊದಲ ಮಾತು, "ಇವನು ಭೀಮ್ ಥರ ಇಲ್ವಲ್ಲ!" ತಂಗಿಯನ್ನು ಬೈಯುವ ಹಕ್ಕು ನನಗೂ ಇಲ್ಲ.

ಎರಡನೇ ದಿನ ರಾತ್ರಿ ಅಪ್ಪ ಬಾಯಿ ಹಾಕಿದರು. ಅವರಿಗೆ ಚೀನಾದ ಸುದ್ದಿ ಒಂದೂ ಗೊತ್ತಿಲ್ಲ. ಆದರೆ 'ಕುರುಕ್ಷೇತ್ರ' ನಾಟಕ ಗೊತ್ತು. ಮಂಡ್ಯ ಸೀಮೆಯಲ್ಲಿ ಈ ನಾಟಕ ಆಡದ ಊರು ಹುಡುಕುವುದು ಕಷ್ಟ. ಪಾತ್ರಕ್ಕೆ ಇಷ್ಟು ಎಂದು ಕೈಯಿಂದಲೇ ದುಡ್ಡು ಹಾಕಿ, ಹಾರ್ಮೋನಿಯಂ ಮೇಷ್ಟ್ರ ಹತ್ತಿರ ತಿಂಗಳುಗಟ್ಟಲೆ ಕಲಿತು, ರಾತ್ರಿಯಿಡೀ ಆಡುತ್ತಾರೆ. ಅಪ್ಪನೂ ವಯಸ್ಸಿನಲ್ಲಿದ್ದಾಗ ಕರ್ಣನ ಪಾತ್ರ ಮಾಡಿದ್ದರಂತೆ.

"ಟೀವೀಲಿ ಮಾಭಾರ್ತ ಬಂದಿತ್ತಲ್ಲ, ಅದಾದ್ಮೇಲೆ ನಾವು ನಾಟ್ಕ ಆಡಿದ್ದು ಕಣ್ಲಾ" ಎಂದು ಶುರು ಮಾಡಿದರು. 1988ರಲ್ಲಿ ದೂರದರ್ಶನದಲ್ಲಿ ಶುರುವಾದ ಬಿ.ಆರ್. ಚೋಪ್ರಾ ಅವರ ಮಹಾಭಾರತದ ಮಾತು ಅದು. ನಿತೀಶ್ ಭಾರದ್ವಾಜ್ ಅವರ ಕೃಷ್ಣನ ನಗೆಯನ್ನು ಟಿ.ವಿ.ಯಲ್ಲಿ ನೋಡಿದ ಜನ, ಊರ ನಾಟಕದಲ್ಲಿ ಡೇರಿಯಲ್ಲಿ ಹಾಲು ಅಳೆಯುತ್ತಿದ್ದವರು ಹೊಟ್ಟೆ ಬಿಟ್ಟುಕೊಂಡು ಕೃಷ್ಣನಾಗಿ ಬಂದಾಗ ಸುಮ್ಮನಿರುತ್ತಾರೆಯೇ? ಮೊದಲ ಸೀನ್‌ಗೇ ನಕ್ಕರಂತೆ. ಅಪ್ಪನಿಗೂ ಹೆದರಿಕೆಯಿಂದ ಬೆವರು ಕಿತ್ತು ಬಂದು, ಬಣ್ಣ ಕರಗಿ, ಅಂಟಿಸಿದ ಮೀಸೆಯ ಒಂದು ತುದಿ ಕಿತ್ತುಕೊಂಡಿತ್ತಂತೆ. ಆದರೆ ಕುಂತಿ ಬಂದು 'ನೀನು ನನ್ನ ಮಗ' ಎನ್ನುವ ಸೀನ್ ಬರುವ ಹೊತ್ತಿಗೆ ಜನ ಮೀಸೆ ಮರೆತಿದ್ದರು. ಹಾಡು ಮುಗಿದಾಗ 'ಒನ್ಸ್ ಮೋರ್' ಕೂಗಿದರಂತೆ.

"ಟೀವಿ ಕೃಷ್ಣ ಬೆವರಾಕಿಲ್ಲ ಕಣವ್ವ. ಎದುರ್ಗೆ ನಿಂತೋನು ಬೆವರ್ತಾನೆ. ಎಲ್ಡನ್ನೂ ಒಂದೇ ತಕ್ಕಡೀಲಿ ಹಾಕಿ ತೂಗ್ಬಾರ್ದು" ಎಂದು ಅಪ್ಪ ತಂಗಿಗೆ ಹೇಳಿದರು.

ನಮ್ಮೂರಿನ ಮಲ್ಲಿಕಾರ್ಜುನ ದೇವಸ್ಥಾನ ನೆನಪಾಯಿತು. ಹೊಯ್ಸಳ ವೀರ ನರಸಿಂಹನ ಕಾಲದಲ್ಲಿ, 1234ರ ಸುಮಾರಿಗೆ ಹರಿಹರ ದಣ್ಣಾಯಕ ಕಟ್ಟಿಸಿದ್ದು. ಅದರ ಗೋಡೆಯಲ್ಲಿ ಕೈಲಾಸ ಎತ್ತುವ ರಾವಣ ಇದ್ದಾನೆ, ಮೀನಿಗೆ ಗುರಿಯಿಟ್ಟ ಅರ್ಜುನ ಇದ್ದಾನೆ. ಸುಮಾರು 800 ವರ್ಷದಿಂದ ಅರ್ಜುನ ಬಿಲ್ಲು ಎಳೆದೇ ನಿಂತಿದ್ದಾನೆ. ಬಾಣ ಬಿಡಲಿಲ್ಲ ಎಂದು ಯಾರೂ ದೂರಿಲ್ಲ. ಕಲ್ಲಿನಿಂದ ನಾವು ಕೇಳುವುದೇ ಬೇರೆ, ನಾಟಕದಿಂದ ಕೇಳುವುದೇ ಬೇರೆ, ಟಿ.ವಿ.ಯಿಂದ ಕೇಳುವುದೇ ಬೇರೆ. ಕಾರ್ಟೂನ್‌ನಿಂದ ಡ್ರಾಮಾ ಆದಾಗ ಮಾತ್ರ ಯಾಕೆ ಅಚ್ಚು ಹೊಯ್ದ ಹಾಗೆ ಇರಬೇಕು ಎನ್ನುತ್ತೇವೆ?

ಆ ರಾತ್ರಿ ಎರಡೂ ಸರಣಿಗಳಲ್ಲಿ ಯೆ ಶಿಯು ಕಾರ್ಡ್ ಕೊಟ್ಟು ಹೊರಡುವ ದೃಶ್ಯವನ್ನು ಮತ್ತೆ ನೋಡಿದೆ. ಅನಿಮೇಷನ್‌ನಲ್ಲಿ ಹಿಮ ಬೀಳುತ್ತದೆ, ಸಂಗೀತ ಬರುತ್ತದೆ, ನಾಯಕ ತಿರುಗಿ ನೋಡದೆ ನಡೆಯುತ್ತಾನೆ. ಸೊಗಸಾಗಿದೆ, ತಂಗಿ ಹೇಳಿದ್ದು ಸರಿ. ಬೆಂಗಳೂರಿನಿಂದ ಬರುವಾಗ ನಾನು ನಟಿಸಿದ್ದೂ ಅದನ್ನೇ. ಏನೂ ಆಗಿಲ್ಲ ಎನ್ನುವ ಹಾಗೆ, 'ನಾನೇ ಬಿಟ್ಟೆ' ಎನ್ನುವ ಹಾಗೆ. ಡ್ರಾಮಾದಲ್ಲಿ ಅದೇ ಜಾಗದಲ್ಲಿ ಉಸಿರಾಡುವ ಒಬ್ಬ ಮನುಷ್ಯ ನಿಂತಿದ್ದ. ಯಾಂಗ್ ಯಾಂಗ್ ಎಷ್ಟೇ ಚೆಂದ ಇರಲಿ, ಗಂಟಲು ನುಂಗಿಕೊಳ್ಳುವುದು ನನಗೆ ಕಂಡಿತು. ಡ್ರಾಮಾ ನನಗೆ ಯಾಕೆ ಇಷ್ಟವಾಯಿತೆಂದು ಆಗ ಅರ್ಥವಾಯಿತು.

ಬೆಳಿಗ್ಗೆ ಅಪ್ಪ ಹಸುವಿಗೆ ಹುಲ್ಲು ಹಾಕುತ್ತಿದ್ದರು. ಹತ್ತಿರ ಹೋಗಿ, "ಅಪ್ಪಾ, ಬೆಂಗಳೂರು ಕೆಲಸ ನಾನು ಬಿಟ್ಟಿದ್ದಲ್ಲ. ಅವರೇ ಬಿಡಿಸಿದ್ರು" ಎಂದೆ. ಇಷ್ಟು ಹೇಳಲು ಒಂದು ವರ್ಷ ಬೇಕಾಗಿತ್ತು. ಅವರು ತಿರುಗಿಯೂ ನೋಡಲಿಲ್ಲ. "ಗೊತ್ತಿತ್ತು ಕಣ್ಲಾ. ನೀನೇ ಯೋಳ್ಲಿ ಅಂತ ಸುಮ್ಕಿದ್ದೆ. ಓಗು, ಕಾಫಿ ಕುಡಿ" ಎಂದರು.

ಗೆಳೆಯರೇ, ಸಿ-ಡ್ರಾಮಾ ನೋಡುವವರಿಗೆ ನನ್ನದೊಂದು ಸಣ್ಣ ಸಲಹೆ. ಹೊಸ ಆವೃತ್ತಿ ಬಂದಾಗ ಮೊದಲ ಕಂತಿಗೇ ತೀರ್ಪು ಕೊಡಬೇಡಿ. ಮೂರು ಕಂತು ನೋಡಿ. 'ಹಳೆಯದರ ಹಾಗಿದೆಯಾ?' ಎಂದು ಕೇಳುವ ಬದಲು 'ಇದು ಏನನ್ನು ಉಳಿಸಿಕೊಂಡಿದೆ, ಏನನ್ನು ಬಿಟ್ಟಿದೆ, ಹೊಸದಾಗಿ ಏನು ಕೊಟ್ಟಿದೆ?' ಎಂದು ಕೇಳಿ. ಆಮೇಲೂ ಇಷ್ಟವಾಗದಿದ್ದರೆ ಧಾರಾಳವಾಗಿ ಬೈಯಿರಿ. ಯಾಂಗ್ ಯಾಂಗ್ ಮುಖಕ್ಕೆ ಸ್ವಲ್ಪ ಸುಸ್ತು ಬಳಿಯಬೇಕಿತ್ತು ಎಂಬ ತಂಗಿಯ ಮಾತಿಗೆ ನಾನು ಈಗಲೂ ಸಹಿ ಹಾಕುತ್ತೇನೆ.

ಇದೇ ಮೂರು ಪ್ರಶ್ನೆಗಳನ್ನು ಕೆಲಸ ಹುಡುಕುವ ನಾವು ನಮಗೂ ಕೇಳಿಕೊಳ್ಳಬಹುದು. ಫ್ಲೆಕ್ಸ್‌ನಲ್ಲಿದ್ದ ಹುಡುಗನ ಜೊತೆ ಸೈಬರ್ ಸೆಂಟರ್‌ನಲ್ಲಿ ಕೂತ ಹುಡುಗನನ್ನು ದಿನಾ ತೂಗಿ ತೂಗಿ ನಾನು ಸುಸ್ತಾಗಿದ್ದೆ. ಈಗ ಆ ತಕ್ಕಡಿ ಕೆಳಗಿಟ್ಟಿದ್ದೇನೆ. ಸೆಂಟರ್‌ನಲ್ಲಿ ಕೂತು ಅರ್ಜಿ ತುಂಬುವುದರಲ್ಲಿ ಇಡೀ ಹೋಬಳಿಗೆ ನಾನು ಬೇಕಾದವನಾಗಿದ್ದೇನೆ. ಯಾವ ಅರ್ಜಿಗೆ ಯಾವ ದಾಖಲೆ, ಯಾವಾಗ ಸರ್ವರ್ ಸರಿಯಿರುತ್ತದೆ ಎಲ್ಲ ಬಾಯಿಪಾಠ. ಕಳೆದ ವಾರ ಹುಡುಗರ ಅರ್ಜಿಗಳೆಲ್ಲ ಮುಗಿದ ಮೇಲೆ ನನ್ನದೂ ಒಂದು ಹಾಕಿದೆ. ಕೊನೆಯ ದಿನಕ್ಕೆ ಇನ್ನೂ ಎರಡು ದಿನ ಇತ್ತು, ಸರ್ವರ್ ಕೂಡ ಸರಿಯಿತ್ತು.

ತಂಗಿ ಈಗ ಮಾತಾಡುತ್ತಿದ್ದಾಳೆ. ಮುಂದಿನ ರಜೆಗೆ ಬಂದಾಗ ಡ್ರಾಮಾವನ್ನು ಪೂರ್ತಿ ನೋಡುತ್ತಾಳಂತೆ, ಆದರೆ ಒಂದು ಷರತ್ತು: ನಾನು ಮೂಲ ಕಾದಂಬರಿಯನ್ನು ಇಂಗ್ಲಿಷ್‌ನಲ್ಲಿ ಓದಬೇಕು. ಅದರಲ್ಲಿ 1,700ಕ್ಕೂ ಹೆಚ್ಚು ಅಧ್ಯಾಯಗಳಿವೆಯಂತೆ. ಪರೀಕ್ಷೆ ಮುಗಿಯಲಿ ಎಂದಿದ್ದೇನೆ.