ಕಸಿಯಾದ ಮೂತ್ರಪಿಂಡ: ಮಾತ್ರೆಗೆ ರಜೆಯಿಲ್ಲ

“ಡಾಕ್ಟ್ರೇ, ಕಸಿ ಮಾಡಿಸಿ ನಾಲ್ಕು ವರ್ಷವಾಯಿತು. ಹುಡುಗ ಆಡಿಕೊಂಡು ಚೆನ್ನಾಗಿದ್ದಾನೆ. ಇನ್ನೂ ಎಷ್ಟು ದಿನ ಈ ಮಾತ್ರೆ?” ತಮ್ಮದೇ ಮೂತ್ರಪಿಂಡವನ್ನು ಮಗನಿಗೆ ಕೊಟ್ಟ ತಾಯಿಯೊಬ್ಬರು ಈಚೆಗೆ ಕೇಳಿದರು. ಉತ್ತರ ಒಂದೇ: ಆ ಮೂತ್ರಪಿಂಡ ಕೆಲಸ ಮಾಡುವಷ್ಟು ಕಾಲವೂ.

ತಾಯಿಯದೇ ಆದರೂ ಮಗುವಿನ ಶರೀರಕ್ಕೆ ಅದು ಹೊರಗಿನದು. ರೋಗಾಣುಗಳೊಡನೆ ಹೋರಾಡುವ ರಕ್ಷಣಾ ವ್ಯವಸ್ಥೆ ಅದನ್ನೂ ಶತ್ರುವೆಂದೇ ಬಗೆಯುತ್ತದೆ. ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್, ಪ್ರೆಡ್ನಿಸೊಲೋನ್ ಮುಂತಾದ ಔಷಧಗಳು ಈ ವಿರೋಧವನ್ನು ಹತ್ತಿಕ್ಕುತ್ತವೆ. ಮಾತ್ರೆ ನಿಲ್ಲಿಸಿದರೆ ಶರೀರ ಕಸಿಯನ್ನು ತಿರಸ್ಕರಿಸಬಹುದು. ಮೊದಮೊದಲು ನೋವೂ ಇರದು, ಜ್ವರವೂ ಇರದು. ರಕ್ತದಲ್ಲಿ ಕ್ರಿಯಾಟಿನಿನ್ ಏರಿರುವುದು ಪರೀಕ್ಷೆಯಿಂದಷ್ಟೇ ತಿಳಿಯುತ್ತದೆ. ಆದ್ದರಿಂದ ಮಗು ಚೆನ್ನಾಗಿದ್ದರೂ ರಕ್ತ, ಮೂತ್ರ, ರಕ್ತದೊತ್ತಡ, ಎತ್ತರ, ತೂಕಗಳ ತಪಾಸಣೆ ತಪ್ಪಬಾರದು.

ಹದಿಹರೆಯದಲ್ಲಿ ಅಪಾಯ ಹೆಚ್ಚು. ಪ್ರೆಡ್ನಿಸೊಲೋನ್‌ನಿಂದ ಮುಖ ಊದಿಕೊಳ್ಳಬಹುದು, ಬೆಳವಣಿಗೆ ಕುಂಠಿತವಾಗಬಹುದು. ಗೆಳೆಯರ ಗೇಲಿಗೆ ನೊಂದ ಮಕ್ಕಳು ಗುಟ್ಟಾಗಿ ಮಾತ್ರೆ ಬಿಡುವುದುಂಟು. ಗದರಿಸಿದರೆ ಮುಚ್ಚಿಡುತ್ತಾರೆ. ಅವರ ಕಷ್ಟ ಕೇಳಿ, ವೈದ್ಯರಿಗೂ ತಿಳಿಸಿ. ಔಷಧಗಳ ಹೆಸರು, ಪ್ರಮಾಣ, ಹೊತ್ತುಗಳನ್ನು ಅವರಿಗೇ ಕಲಿಸಿ. ಆದರೆ ನಿಮ್ಮ ಕಣ್ಗಾವಲು ಇರಲಿ.

ನೆನಪಿಡಬೇಕಾದ ಅಂಶಗಳು:

* ಟ್ಯಾಕ್ರೊಲಿಮಸ್ ಮಟ್ಟದ ಪರೀಕ್ಷೆಯ ದಿನ ರಕ್ತ ಕೊಟ್ಟ ಮೇಲೆಯೇ ಬೆಳಗಿನ ಮಾತ್ರೆ.

* ಚಕ್ಕೋತ ಹಣ್ಣು ಬೇಡ. ಅದು ರಕ್ತದಲ್ಲಿ ಟ್ಯಾಕ್ರೊಲಿಮಸ್ ಪ್ರಮಾಣವನ್ನು ಏರಿಸಬಲ್ಲದು.

* ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ, ನಾಟಿ ಔಷಧಗಳನ್ನು ಸ್ವಂತವಾಗಿ ಕೊಡಬೇಡಿ. ಯಾವ ವೈದ್ಯರ ಬಳಿ ಹೋದರೂ ಕಸಿಯ ವಿಷಯ ಮೊದಲು ಹೇಳಿ.

* ಜ್ವರ, ವಾಂತಿ, ಭೇದಿ, ಮೂತ್ರ ಕಡಿಮೆಯಾಗುವುದು, ಕಸಿಯಾದ ಜಾಗದಲ್ಲಿ ನೋವು ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ವೈದ್ಯರನ್ನು ಕಾಣಿ. ಭೇದಿಯಾದಾಗಲೂ ರಕ್ತದಲ್ಲಿ ಟ್ಯಾಕ್ರೊಲಿಮಸ್ ಏರಬಹುದು.

* ದಡಾರ, ಸೀತಾಳೆ ಸಿಡುಬಿನ ಲಸಿಕೆಗಳಲ್ಲಿ ಜೀವಂತ ವೈರಾಣುಗಳಿರುವುದರಿಂದ ಕಸಿಯ ನಂತರ ಸಾಮಾನ್ಯವಾಗಿ ಕೊಡುವುದಿಲ್ಲ. ಮೊದಲೇ ಹಾಕಿಸುವುದು ಲೇಸು. ಮನೆಯಲ್ಲಿ ಬೇರೆ ಪುಟ್ಟ ಮಗುವಿದ್ದರೆ ಪೋಲಿಯೋ ಹನಿಯ ಬದಲು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ವಿಚಾರಿಸಿ.

ಶಾಲೆ, ಆಟ, ಪ್ರವಾಸ ಯಾವುದನ್ನೂ ತಪ್ಪಿಸಬೇಕಿಲ್ಲ. ಕಸಿಯಾದ ಮೂತ್ರಪಿಂಡ ಕೆಳಹೊಟ್ಟೆಯಲ್ಲಿರುವುದರಿಂದ ಅಲ್ಲಿಗೆ ಪೆಟ್ಟು ಬೀಳುವಂಥ ಆಟಗಳನ್ನು ಮಾತ್ರ ವೈದ್ಯರನ್ನು ಕೇಳಿ ಆಡಿಸಿ.

ಕಸಿ ವಿಫಲವಾದರೆ ಮತ್ತೆ ಡಯಾಲಿಸಿಸ್. ಎರಡನೆಯ ಸಲ ಹೊಂದುವ ದಾನಿ ಸಿಗುವುದು ಎಷ್ಟೋ ವೇಳೆ ಇನ್ನೂ ಕಷ್ಟ. ಆ ತಾಯಿ ಕೊಡಬಹುದಾದದ್ದು ಒಂದೇ ಮೂತ್ರಪಿಂಡ, ಅದನ್ನು ಕೊಟ್ಟಾಗಿದೆ. ಅದನ್ನು ಕಾಪಾಡುವುದು ದಿನದಿನದ ಮಾತ್ರೆ.