ಇಂಬಳ ಕಚ್ಚಿದ ಕಾಲು, ಮದ್ದಿಗೆ ಬಗ್ಗದ ಕುರು

ಜೂನ್ ಮಳೆ ಹಿಡಿಯಿತೆಂದರೆ ಸಕಲೇಶಪುರ, ಆಲೂರಿನ ಕಾಫಿ ತೋಟಗಳಲ್ಲಿ ಮಕ್ಕಳ ಕಾಲಿಗೆ ಇಂಬಳ ತಪ್ಪಿದ್ದಲ್ಲ. ಉಪ್ಪೋ ಸುಣ್ಣವೋ ತಾಗಿಸಿ ಬಿಡಿಸುತ್ತೇವೆ, ರಕ್ತ ನಿಂತರೆ ಸರಿ ಎನ್ನುತ್ತೇವೆ. ಕಚ್ಚಿದ ಜಾಗದ ನವೆ ಮಾತ್ರ ದಿನಗಟ್ಟಲೆ ಹೋಗದು. ಮಗು ಮಣ್ಣು ತುಂಬಿದ ಉಗುರಿನಲ್ಲಿ ಕೆರೆದು ಕೆರೆದು, ಕೊನೆಗೆ ಅಲ್ಲಿ ಕೀವು ಕಟ್ಟುತ್ತದೆ.

ಆ ಕೀವಿಗೆ ಹೆಚ್ಚಾಗಿ ಕಾರಣ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಆರೋಗ್ಯವಾಗಿರುವ ಸುಮಾರು ಮೂವರಲ್ಲಿ ಒಬ್ಬರ ಮೂಗಿನೊಳಗೆ ತೊಂದರೆ ಕೊಡದೆ ಇರುವ ಇದು, ಚರ್ಮ ಒಡೆದಲ್ಲಿ ಒಳಗಿಳಿಯುತ್ತದೆ. ಪೆನಿಸಿಲಿನ್‌ಗೆ ಜಗ್ಗದ ತಳಿಗಳು ಹೆಚ್ಚಿದಾಗ 1959ರಲ್ಲಿ ಮೆಥಿಸಿಲಿನ್ ಬಂತು. 1961ರಲ್ಲೇ ಬ್ರಿಟನ್ನಿನಿಂದ ಅದಕ್ಕೂ ಬಗ್ಗದ ತಳಿಯ ವರದಿಯಾಯಿತು. ಅದೇ ಎಂಆರ್‌ಎಸ್‌ಎ. ನಮಗೆ ಪರಿಚಿತವಾದ ಅಮಾಕ್ಸಿಸಿಲಿನ್ ಕೂಡ ಅದರ ಮುಂದೆ ಕೆಲಸಕ್ಕೆ ಬಾರದು.

ಇಂಥ ತಳಿಗಳು ಹೆಚ್ಚಬಾರದೆಂದರೆ, ಸಂತೆಗೆ ಹೋದಾಗ ಮೆಡಿಕಲ್ ಶಾಪಿನಲ್ಲಿ ‘ಮಗುವಿಗೆ ಕುರು ಎದ್ದಿದೆ, ಏನಾದರೂ ಕೊಡಿ’ ಎಂದು ಕೇಳುವ ರೂಢಿ ಬಿಡಲೇಬೇಕು. ಎರಡು ದಿನಕ್ಕೆ ನೋವಿಳಿದರೆ ಮಾತ್ರೆ ನಿಲ್ಲಿಸಿ, ಉಳಿದದ್ದನ್ನು ಮುಂದಿನ ಸಲ ತಮ್ಮನಿಗೆ ಕೊಡುವುದಂತೂ ಇನ್ನೂ ಅಪಾಯ. ಹಾಳೆಯ ಮೇಲೆ ಕೆಂಪು ಗೆರೆಯಿರುವ ಮಾತ್ರೆ ವೈದ್ಯರ ಚೀಟಿಯಿಲ್ಲದೆ ಬೇಡ.

ಹಣ್ಣಾದ ಕುರುವಿನಿಂದ ಕೀವು ಹೊರಹೋಗುವುದೇ ಮುಖ್ಯ ಚಿಕಿತ್ಸೆ. ಮನೆಯಲ್ಲಿ ಹಿಸುಕಿದರೆ, ಸೂಜಿ ಚುಚ್ಚಿದರೆ ಸೋಂಕು ಇನ್ನೂ ಒಳಗಿಳಿಯಬಹುದು. ಆ ಕೆಲಸ ವೈದ್ಯರದು. ಎಷ್ಟೋ ಸಣ್ಣ ಕುರುಗಳಿಗೆ ಅಷ್ಟೇ ಸಾಕಾಗುತ್ತದೆ. ಮದ್ದು ಬೇಕಾದರೆ ಕೀವನ್ನು ಕಲ್ಚರ್ ಪರೀಕ್ಷೆಗೆ ಕಳಿಸಿ ಎಂದು ಕೇಳಿ. ಯಾವ ಔಷಧಕ್ಕೆ ಆ ತಳಿ ಸಾಯುತ್ತದೆಂದು ಎರಡು ಮೂರು ದಿನದಲ್ಲಿ ತಿಳಿಯುತ್ತದೆ. ಎಂಆರ್‌ಎಸ್‌ಎ ಎಂದು ಬಂದರೂ ಕಂಗೆಡಬೇಕಿಲ್ಲ, ಅದಕ್ಕೂ ಔಷಧಗಳಿವೆ.

ತೋಟದ ಲೈನ್ ಮನೆಯಲ್ಲಿ ಐದಾರು ಜನಕ್ಕೆ ಒಂದೇ ಟವೆಲ್ಲು, ಮಳೆಗಾಲದಲ್ಲಿ ಒಣಗದ ಬಟ್ಟೆ. ಒಬ್ಬರ ಕುರು ಮನೆಮಂದಿಗೆಲ್ಲ ಹರಡುವುದು ಇಲ್ಲಿಯೇ. ಹುಣ್ಣಿದ್ದ ಮಗುವಿಗೆ ಬೇರೆ ಟವೆಲ್ಲು ಕೊಡಿ, ಅದನ್ನು ಹಂಡೆಯ ಬಿಸಿನೀರಿನಲ್ಲಿ ಒಗೆದು ಒಲೆಯ ಹತ್ತಿರವಾದರೂ ಒಣಗಿಸಿ. ಹುಣ್ಣಿಗೆ ಪಟ್ಟಿ ಕಟ್ಟಿ, ಪಟ್ಟಿ ಬದಲಿಸಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಕಜ್ಜಿಯೂ ಇದ್ದರೆ ವೈದ್ಯರು ಹೇಳಿದ ಮುಲಾಮನ್ನು ಮನೆಯವರೆಲ್ಲ ಒಂದೇ ದಿನ ಹಚ್ಚಿಕೊಳ್ಳಬೇಕು.

ಎಳೆಗೂಸಿಗೆ ಕೀವುಗುಳ್ಳೆ ಎದ್ದರೆ, ಕುರುವಿನ ಜೊತೆ ಜ್ವರ ಬಂದರೆ, ಸುತ್ತಲಿನ ಕೆಂಪು ಹರಡುತ್ತಿದ್ದರೆ, ಕಣ್ಣಿನ ಸುತ್ತ ಊದಿಕೊಂಡರೆ, ಮಗು ಕುಂಟತೊಡಗಿದರೆ ಅಥವಾ ಮಂಕಾದರೆ, ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಗೋ ಹಾಸನದ ಹಿಮ್ಸ್‌ಗೋ ಅಂದೇ ಕರೆದೊಯ್ಯಿರಿ. ಮಳೆ ಬಿಡಲಿ ಎಂದು ಕಾಯಬೇಡಿ.