ಎರಡು ಹಾಡುಗಳ ಸಂಧಿ

ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದು ಬಂದು ಅದರೊಳಗೆ ಸೇರಿಕೊಳ್ಳುವುದನ್ನು ಈಗಿನ ಮದುವೆಮನೆಗಳಲ್ಲಿ ನೀವೆಲ್ಲ ಕೇಳಿಯೇ ಇರುತ್ತೀರಿ. ಡಾಬಕಾ ಕಡೆ ಈ ಕೆಲಸ ಮಾಡುವವನಿಗೂ ಅವನ ಯಂತ್ರಕ್ಕೂ ಸೇರಿ ‘ಡಿ.ಜೆ.’ ಎಂದೇ ಹೆಸರು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆ ವೃತ್ತಿಯಲ್ಲಿದ್ದಾನೆ. ಒಂದು ದಿನ ಮುಖ ಸಪ್ಪೆ ಮಾಡಿಕೊಂಡು ಬಂದ. “ಸರ್, ತಾಳ ಬರಾಬರ್ ಇತ್ತು. ಆದ್ರೂ ಎರಡು ಹಾಡು ಕೂಡಿದಲ್ಲಿ ಕಹಿ ಆಯ್ತು. ಊಟಕ್ಕೆ ಕೂತಿದ್ದ ಭಜನೆಯ ಪೇಟಿ ಮಾಸ್ತರು ತುತ್ತು ಕೈಯಾಗೇ ಹಿಡ್ಕೊಂಡು ನನ್ನ ಕಡೆ ನೋಡಿದ್ರು,” ಎಂದ. ವ್ಯಾಕರಣದ ತರಗತಿಯಲ್ಲಿ ಇಂಥ ಒಳ್ಳೆಯ ಪ್ರಶ್ನೆಯನ್ನು ಅವನು ಎಂದೂ ಕೇಳಿದವನಲ್ಲ.

ಅವನು ಕೂಡಿಸುತ್ತಿದ್ದುದು ‘ಡೀಪ್ ಹೌಸ್’ ಎಂಬ ಸಂಗೀತವನ್ನು. 1980ರ ದಶಕದಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಹುಟ್ಟಿದ ಇದರ ಮೂಲಪುರುಷರಲ್ಲಿ ಲ್ಯಾರಿ ಹರ್ಡ್ ಎಂಬಾತ ಮುಖ್ಯ. ನಿಮಿಷಕ್ಕೆ ಸುಮಾರು 120 ಪೆಟ್ಟು. ಅದರ ಮೇಲೆ ಹಲವು ಸ್ವರಗಳು ಒಟ್ಟಾಗಿ, ದೀರ್ಘವಾಗಿ ನಿಲ್ಲುತ್ತವೆ. ಬರಿಯ ಡೋಲಿನ ಸಂಗೀತವಾದರೆ ಲಯ ಕೂಡಿದರೆ ಸಾಕು. ಇಲ್ಲಿ ಎರಡು ಹಾಡುಗಳು ಒಂದು ನಿಮಿಷವೋ ಹೆಚ್ಚೋ ಜೊತೆಯಾಗಿ ನಡೆಯುವುದರಿಂದ ಶ್ರುತಿಯೂ ಹೊಂದಬೇಕು.

ಭಜನೆಯ ಹಾರ್ಮೋನಿಯಂ ಪೇಟಿಯನ್ನೇ ಮುಂದಿಟ್ಟುಕೊಳ್ಳೋಣ. ಒಂದು ಹಾಡು ಕರಿ ಒಂದನ್ನು ಷಡ್ಜ ಮಾಡಿಕೊಂಡು ಆಸಾವರಿ ಥಾಟಿನ ಏಳು ಸ್ವರಗಳಲ್ಲಿದೆ ಎನ್ನಿ. ಪಕ್ಕದ ಬಿಳಿ ಒಂದರಿಂದ ಅದೇ ಥಾಟನ್ನು ಹಿಡಿದರೆ ಏಳರಲ್ಲಿ ಎರಡೇ ಸ್ವರ ಸಮಾನ. ಮಿಕ್ಕವು ಅರ್ಧಸ್ವರದ ಅಂತರದಲ್ಲಿ ಒಂದನ್ನೊಂದು ಉಜ್ಜುತ್ತವೆ. ಮಗ್ಗುಲ ಮನೆಯಾದರೂ ಹೋಗಿಬರುವುದಿಲ್ಲ! ಕರಿ ಒಂದರ ಪಂಚಮವಾದ ಕರಿ ನಾಲ್ಕರಿಂದ ಹಿಡಿಯಿರಿ, ಏಳರಲ್ಲಿ ಆರು ಸಮಾನ. ದೂರದ ಮನೆ, ಆದರೆ ಬೀಗರದು.

ಹೀಗೆ ಪಂಚಮದಿಂದ ಪಂಚಮಕ್ಕೆ ನಡೆದರೆ ಹನ್ನೆರಡು ಮನೆ ಸುತ್ತಿ ಹೊರಟಲ್ಲಿಗೇ ಬರುತ್ತೇವೆ. ಡಿ.ಜೆ.ಗಳು ಇದನ್ನು ಗಡಿಯಾರದ ಮುಖದಂತೆ ಬರೆದು ‘ಕ್ಯಾಮೆಲಾಟ್ ಚಕ್ರ’ ಎನ್ನುತ್ತಾರೆ. ಆಸಾವರಿಯ ಬಗೆಗೆ ‘ಎ’, ಬಿಲಾವಲದ ಬಗೆಗೆ ‘ಬಿ’. ಮೇಲಿನ ಕರಿ ಒಂದು 12ಎ, ಕರಿ ನಾಲ್ಕು 1ಎ. ಗಡಿಯಾರದಲ್ಲಿ ಹನ್ನೆರಡರ ಮುಂದೆ ಒಂದಲ್ಲವೆ? ಬಿಳಿ ಒಂದಾದರೋ 5ಎ, ಎಲ್ಲೋ ಆಚೆ. ಅಂಕೆ ಒಂದೇ ಆಗಿ ಎ, ಬಿ ಬೇರೆಯಾದರೆ ಏಳು ಸ್ವರವೂ ಅವೇ, ಷಡ್ಜ ಮಾತ್ರ ಬೇರೆ. ಮೂರ್ಛನೆಯನ್ನು ಬಲ್ಲವರಿಗೆ ಇದು ಹೊಸದಲ್ಲ.

ಹುಡುಗನಿಗೆ ಚಕ್ರ ಗೊತ್ತಿತ್ತು. ಅವನ ಎರಡು ಹಾಡುಗಳ ಅಂಕೆಯೂ ಒಂದೇ ಇತ್ತು. ಹಾಗಿದ್ದೂ ಕೆಟ್ಟದ್ದೇಕೆ? ಕೆದಕಿ ಕೇಳಿದಾಗ ತಿಳಿಯಿತು: 120ರ ಹಾಡನ್ನು 124ಕ್ಕೆ ಏರಿಸಿದ್ದ. ವೇಗ ಏರಿದರೆ ಶ್ರುತಿಯೂ ಏರುತ್ತದೆ. ನೂರಕ್ಕೆ ಸುಮಾರು 6ರಷ್ಟು ಏರಿಸಿದರೆ ಹಾಡು ಪೇಟಿಯಲ್ಲಿ ಒಂದು ಮನೆ ಮುಂದೆ ಹೋಗುತ್ತದೆ. ಇವನು ಏರಿಸಿದ್ದು 3.3ರಷ್ಟು. ಹಾಡು ಈ ಮನೆಯಲ್ಲೂ ಇಲ್ಲ, ಆ ಮನೆಯಲ್ಲೂ ಇಲ್ಲ. ಹೊಸಿಲ ಮೇಲೆ ನಿಂತಿತು. ಶ್ರುತಿ ಕದಲದಂತೆ ವೇಗವನ್ನಷ್ಟೇ ಬದಲಿಸುವ ‘ಕೀ ಲಾಕ್’ ಎಂಬ ಗುಂಡಿ ಇಂದಿನ ಯಂತ್ರಗಳಲ್ಲುಂಟು. ಅದನ್ನು ಒತ್ತಲು ಮರೆತಿದ್ದ. ಅಂಕೆಯನ್ನು ನಂಬಿ ಕಿವಿಯನ್ನು ಕೇಳದ್ದೇ ತಪ್ಪು. ಯಂತ್ರ ತಾನಾಗಿ ಎಣಿಸಿ ಬರೆಯುವ ಅಂಕೆ ಕೆಲವೊಮ್ಮೆ ತಪ್ಪುವುದೂ ಉಂಟು.

ಪಂಡಿತನಾದವನು ಸಂಧಿಪ್ರಕರಣವನ್ನು ಬಿಡುವುದುಂಟೆ? ಎರಡು ಹಾಡಿನ ಮಂದ್ರಸ್ವರಗಳು ಒಟ್ಟಿಗೆ ಗುಡುಗಿದರೆ ಯಾವುದೂ ಸ್ಪಷ್ಟವಾಗದು. ಬರುವ ಹಾಡಿನ ಮಂದ್ರ ಮೇಲೇಳುತ್ತಲೇ ಹೋಗುವ ಹಾಡಿನದನ್ನು ಇಳಿಸಬೇಕು. ಇದು ಲೋಪಸಂಧಿ. ಶ್ರುತಿ ಹೊಂದದ ಹಾಡುಗಳಿಗೋ ಪ್ರಕೃತಿಭಾವವೇ ಗತಿ. ‘ಅಯ್ಯೋ ಇದೇನು’ ಎಂಬಲ್ಲಿ ಸ್ವರಗಳನ್ನು ಕೂಡಿಸದೆ ಹಾಗೆಯೇ ಬಿಡುತ್ತೇವಷ್ಟೆ. ಅದರಂತೆ, ಸ್ವರಗಳು ಸರಿದು ಬರಿಯ ಪೆಟ್ಟು ಉಳಿದ ಎಡೆಯಲ್ಲಿ ಒಂದನ್ನು ನಿಲ್ಲಿಸಿ ಮತ್ತೊಂದನ್ನು ಎತ್ತಬೇಕು. “ಪರೀಕ್ಷೆಯಲ್ಲಿ ಇದಕ್ಕೆ ಎರಡು ಮಾರ್ಕು ಹೋಗಿದ್ವು, ಸರ್,” ಎಂದು ನಕ್ಕ.

ಈಗ ಅವನು ಹಾಡುಗಳ ಪಟ್ಟಿಯಲ್ಲಿ ಅಂಕೆಯ ಮಗ್ಗುಲಿಗೆ ‘ಕರಿ 1’, ‘ಬಿಳಿ 4’ ಎಂದು, ಪೇಟಿಯ ಮೇಲೆ ಒತ್ತಿ ನೋಡಿ, ಬರೆದಿಟ್ಟುಕೊಳ್ಳುತ್ತಾನೆ. ಕನ್ನಡ, ಮರಾಠಿ, ಹಿಂದಿ, ತೆಲುಗು ಹಾಡುಗಳೆಲ್ಲ ಒಂದೇ ರಾತ್ರಿ ಬೇಕೆನ್ನುವ ಈ ಗಡಿಸೀಮೆಯಲ್ಲಿ ಡೀಪ್ ಹೌಸಿಗೆ ಸಿಗುವುದು ಊಟದ ಹೊತ್ತಿನ ಅರ್ಧ ಗಂಟೆ ಮಾತ್ರ. ಆ ಹೊತ್ತಿನಲ್ಲಿ ಪೇಟಿ ಮಾಸ್ತರು ಎಲ್ಲಿ ಕುಳಿತಿದ್ದಾರೆಂದು ಮೊದಲು ನೋಡಿಕೊಳ್ಳುತ್ತಾನಂತೆ.